ಅತ್ತೆ ಹೆಪ್ಪು ಕೇಳಿದರು

ಇಲೊಮಂತ್ಸಿ, ಪೂರ್ವ ಫಿನ್ಲೆಂಡ್
ಗುರುವಾರ

ಅಮ್ಮಾ,

ಇಲ್ಲಿ ಬ್ರೆಡ್ಡಿನ ಹಿಟ್ಟು ಕಲೆಸುವ ಮರದ ಬಾನಿಯನ್ನು ಯಾರೂ ತೊಳೆಯುವುದಿಲ್ಲ, ಅದಕ್ಕೆ ಅಂಟಿದ ಹುಳಿಹಿಟ್ಟೇ ಹೆಪ್ಪು. ಮದುವೆಯಾಗಿ ಬಂದ ವಾರವೇ ನಾನು ಅತ್ತೆಯ ಬಾನಿಯನ್ನು ಉಜ್ಜಿ ತೊಳೆದು, ಊರವರಿಂದ ‘ಪಟ್ಟಣದ ಚೊಕ್ಕಮ್ಮ’ ಅನ್ನಿಸಿಕೊಂಡದ್ದು ನಿನಗೆ ಗೊತ್ತೇ ಇದೆ. ಆಮೇಲೆ ಹಟ ಹಿಡಿದು ನನ್ನದೇ ಬಾನಿಯಲ್ಲಿ ಹೊಸ ಹೆಪ್ಪು ಹುಳಿ ಬರಿಸಿದೆ.

ಮೊನ್ನೆ ಅತ್ತೆಯ ಬಾನಿಯನ್ನು ಅವರ ಮುದ್ದಿನ ಮಗ, ನನ್ನ ಗಂಡ ತೌನೊ, ಸಹಾಯ ಮಾಡುತ್ತೇನೆಂದು ತೊಳೆದಿಟ್ಟಿದ್ದಾನೆ! ಇವತ್ತು ಬೆಳಿಗ್ಗೆ ಅತ್ತೆ ಬಟ್ಟಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

“ಸೈಮಿ, ಒಂಚೂರು ಹೆಪ್ಪು ಕೊಡೇ. ಬೇರೆಯವ್ರ ಮನೇದು ನಂಗೆ ಬೇಡ.”

“ಬಟ್ಟಲು ತುಂಬ ಕೊಡ್ತೀನಿ ಅತ್ತೆ. ನಿಮ್ಮ ಮಗನ್ನ ಮಾತ್ರ ಬಾನಿ ಹತ್ರ ಬಿಡ್ಬೇಡಿ!”

ನನ್ನ ಕೆಮ್ಮು ವಾಸಿಯಾಗಿದೆ, ಉಣ್ಣೆ ಕಾಲುಚೀಲ ತಲುಪಿತು. ಅಂಚೆಯವನು ಕಾಯುತ್ತಿದ್ದಾನೆ. ಅಪ್ಪನಿಗೆ ಹೇಳು: ಇನ್ನು ಅತ್ತೆಯ ಒಲೆಯಲ್ಲೂ ಬೇಯುವುದು ನಿಮ್ಮ ಮಗಳ ಹೆಪ್ಪಿನ ಬ್ರೆಡ್ಡೇ.

ಸೈಮಿ