ಬೇಲಿಯ ಕೆಳಗಿನ ಗೆಡ್ಡೆ

ಏಪ್ರಿಲ್ ೧೪, ಭಾನುವಾರ ಮಧ್ಯಾಹ್ನ

ನನ್ನ ಮೊಂಡಿ,

ನಿನ್ನ ಪತ್ರ ಬುಧವಾರ ಬಂತು. ಕರ್ಚೀಫಿನಲ್ಲಿ ಸುತ್ತಿ, ಸುತ್ತ ಹೊಲಿದು ಕಳಿಸಿದ್ದ ಕೀಲಿಕೈಯೂ ಸಿಕ್ಕಿತು. ಎಂಥ ಹೊಲಿಗೆಯೇ ಅದು? ಅಷ್ಟು ವರ್ಷ ನನ್ನ ಟೈಲರ್ ಅಂಗಡಿಯಲ್ಲಿ ಕೂತು ಹರಟೆ ಹೊಡೆದು ಕಲಿತದ್ದು ಇಷ್ಟೇನಾ ಅಂತ ಬೈಯುತ್ತಲೇ ಬಿಚ್ಚಿದೆ. ಆಮೇಲೆ ಪತ್ರ ಓದಿದೆ.

ಅಮ್ಮನ ಮನೆ ಇನ್ನು ಮೇಲೆ ನನ್ನದು ಅಂತ ಬರೆದಿದ್ದೀಯ. ನನ್ನ ಮನೆಯ ಸೂರು ಅರ್ಧ ಬಿದ್ದಿದೆ, ಮಗಳನ್ನು ಕಟ್ಟಿಕೊಂಡು ಅಡುಗೆಮನೆಯಲ್ಲಿ ಮಲಗಿದ್ದು ಸಾಕು, ಬೀಗ ತೆಗೆದು ಹೋಗಿ ಇದ್ದುಬಿಡು ಅಂತ. ಊರಿನ ಜಗಳ ಬಂದೂಕಿನವರೆಗೆ ಹೋಗಿ, ಊರಿಗೆ ಬರುವ ದಾರಿಗಳೆಲ್ಲ ಮುಚ್ಚಿ, ನೀನು ಆಚೆ ಕಡೆ ಸಿಕ್ಕಿಬಿದ್ದ ಆ ಐದು ತಿಂಗಳು ನಿನ್ನ ಅಮ್ಮನ ಪಕ್ಕದಲ್ಲಿದ್ದವಳು ನಾನೊಬ್ಬಳೇ ಅಂತ. ಪಕ್ಕದಲ್ಲಿದ್ದದ್ದು ನಿಜ. ನಡುವೆ ಒಂದು ಗೋಡೆ, ಒಂದು ಬೇಲಿ.

ಕೀಲಿಕೈಯನ್ನು ಈ ಪತ್ರದ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಯಾಕೆ ಅಂತ ಹೇಳುತ್ತೇನೆ. ಪೂರ್ತಿ ಓದು, ನಡುವೆ ಹರಿದು ಎಸೆಯಬೇಡ.

ನನ್ನವರು ಪಾರ್ಕಿನಲ್ಲಿ ಮಾಲಿಯಾಗಿದ್ದಾಗ ಒಂದು ಹಿಡಿ ಗೆಡ್ಡೆ ತಂದು ಬೇಲಿಯುದ್ದಕ್ಕೂ ನೆಟ್ಟಿದ್ದರಲ್ಲ, ಆಳೆತ್ತರ ಬೆಳೆದು ಹಳದಿ ಹೂ ಬಿಡುತ್ತಿತ್ತು. ಪಾರ್ಕಿನ ಬೋರ್ಡಿನಲ್ಲಿ ಅದಕ್ಕೆ ಜೆರುಸಲೆಮ್ ಆರ್ಟಿಚೋಕ್ ಅಂತ ಮಾರುದ್ದದ ಹೆಸರು. ನಮ್ಮ ಬಾಯಿಗೆ ಬೇಲಿಹೂ. ನೀನೂ ನಿನ್ನ ಅಮ್ಮನೂ ಅದನ್ನು ಹೂವೆಂದೇ ತಿಳಿದಿದ್ದಿರಿ, ಬೀದಿಯೆಲ್ಲ ಹಾಗೇ ತಿಳಿದಿತ್ತು. ನೆಟ್ಟ ವರ್ಷ ಅವರು ಒಂದು ಬುಟ್ಟಿ ಅಗೆದು ಬೇಯಿಸಿದರು. ಶುಂಠಿಯ ಹಾಗೆ ಗಂಟುಗಂಟು, ತಿಂದರೆ ಆಲೂಗಡ್ಡೆಗಿಂತ ಸಿಹಿ. ತಿಂದ ಮೇಲೆ ಇಬ್ಬರಿಗೂ ಹೊಟ್ಟೆ ಉಬ್ಬಿ, ವಾಯು ಬಿಟ್ಟೂ ಬಿಟ್ಟೂ ನಕ್ಕು ಸಾಕಾಯಿತು. ಈ ಮಾನಗೆಟ್ಟ ಗೆಡ್ಡೆಯ ಸಹವಾಸ ಬೇಡ ಅಂತ ನಾನು ಕಿತ್ತು ಹಾಕಿದೆ. ಬೆರಳಿನಷ್ಟು ತುಂಡು ಉಳಿದರೂ ಮತ್ತೆ ಚಿಗುರುತ್ತದೆ, ಪೀಡೆ. ಅವರು ತೀರಿಕೊಂಡ ಮೇಲೆ ಕೀಳುವುದನ್ನೂ ಬಿಟ್ಟೆ.

ದಾರಿ ಮುಚ್ಚಿದ ಎರಡನೇ ತಿಂಗಳು ಬಂದೂಕಿನವರು ಮನೆಮನೆಯ ಹಿತ್ತಲಿಗೆ ನುಗ್ಗಿ ಆಲೂಗಡ್ಡೆ, ಈರುಳ್ಳಿ, ಕೋಳಿ ಎಲ್ಲ ಹೊತ್ತುಕೊಂಡು ಹೋದರು. ಬೇಲಿಹೂವಿನ ಒಣಗಿದ ಕಡ್ಡಿಗಳನ್ನು ಮಾತ್ರ ಮುಟ್ಟಲಿಲ್ಲ. ಅವರು ಹೋದ ಮೇಲೆ ಆ ಕಡ್ಡಿಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಒಲೆಗೆ ಹಾಕಿದೆ. ನೆಲ ಬೋಳಾಯಿತು. ಕೆಳಗೆ ಏನಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಒಂದೇ ದಿನ ಅಗೆದು ಮನೆಯೊಳಗೆ ತುಂಬಿಟ್ಟುಕೊಳ್ಳುವಂತಿರಲಿಲ್ಲ. ಮೇಲೆ ತೆಗೆದರೆ ನಾಲ್ಕೇ ದಿನಕ್ಕೆ ಸುಕ್ಕಾಗಿ ಮೆತ್ತಗಾಗುತ್ತದೆ. ಅಂದಂದಿನದು ಅಂದಂದೇ ತೆಗೆಯಬೇಕು. ಅದಕ್ಕೆ ಬೇಲಿಯ ಹತ್ತಿರ ಹಗ್ಗ ಕಟ್ಟಿ, ಒದ್ದೆ ಬೆಡ್‌ಶೀಟು ಹರಡಿ, ಅದರ ಮರೆಯಲ್ಲಿ ಕೂತು ಅಗೆಯುತ್ತಿದ್ದೆ, ಹಾಡಹಗಲೇ. ಬೇಯುವ ವಾಸನೆ ಗೊತ್ತಾಗದಿರಲಿ ಅಂತ ಪಕ್ಕದ ಒಲೆಯಲ್ಲಿ ಸೋಡಾ ಹಾಕಿ ಬಟ್ಟೆ ಕುದಿಸುತ್ತಿದ್ದೆ. ಊರಿಗೆ ಊರೇ ಹಸಿದಿದ್ದಾಗ ಇವಳಿಗೆ ಬಟ್ಟೆ ಒಗೆಯುವ ಹುಚ್ಚು ಹಿಡಿದಿದೆ ಅಂತ ಬೀದಿಯವರು ಆಡಿಕೊಂಡರು. ನಿನ್ನ ಅಮ್ಮ ಮಾತ್ರ ಆಡಿಕೊಳ್ಳಲಿಲ್ಲ. ಮಗುವಿಗೆ ಭೇದಿ ಹಿಡಿದಿರಬೇಕು, ಪಾಪ, ಎಷ್ಟು ಅಂತ ಒಗೆಯುತ್ತೀಯ ಅಂತ ತಮ್ಮ ಮನೆಯಲ್ಲಿದ್ದ ಅರ್ಧ ಸೋಪನ್ನು ಬೇಲಿಯ ಮೇಲಿಂದ ಚಾಚಿದರು. ನಾನು ಇಸಿದುಕೊಂಡೆ.

ನನಗೂ ನಿನಗೂ ಲೆಕ್ಕ ಕಲಿಸಿದವರು ಅವರು. ಆ ಚಳಿಗಾಲದಲ್ಲಿ ನನ್ನ ಮಗಳಿಗೂ ಕಲಿಸಿದರು, ದಿನಾ ಮಧ್ಯಾಹ್ನ ಮೂರು ಗಂಟೆಗೆ. ಶಾಲೆ ಮುಚ್ಚಿದೆ ಅಂತ ಮಗುವಿನ ತಲೆ ಮುಚ್ಚಬಾರದು ಅಂತಿದ್ದರು. ತಿಂದು ಹೊಟ್ಟೆ ಗುಡುಗುಡು ಅನ್ನುತ್ತಿದ್ದ ಹುಡುಗಿಯನ್ನು ನಾನು ಅವರ ಎದುರು ಕೂರಿಸಿ ಬರುತ್ತಿದ್ದೆ. ಹಸಿವಿಗೆ ಹಾಗೆ ಸದ್ದು ಮಾಡುತ್ತದೆ ಅಂತ ಅವರು ತಲೆ ಸವರುತ್ತಿದ್ದರಂತೆ. ನಗಬೇಡ, ಓಡಬೇಡ, ಅಲ್ಲಿ ಕೆನ್ನೆ ಒಳಗೆ ಎಳೆದುಕೊಂಡು ಕೂತಿರು ಅಂತ ಹೇಳಿ ಕಳಿಸುತ್ತಿದ್ದೆ. ಎಂಟು ವರ್ಷದ ಮಗುವಿಗೆ ನಾನು ಕಲಿಸಿದ ಪಾಠ ಅದು. ಒಂದು ದಿನ ಅವಳು ಬೇಯಿಸಿದ ಗೆಡ್ಡೆಯೊಂದನ್ನು ಟೀಚರ್‌ಗೆ ಅಂತ ಜೇಬಿನಲ್ಲಿ ಇಟ್ಟುಕೊಂಡು ಹೊರಟಳು. ಬಾಗಿಲಲ್ಲೇ ಹಿಡಿದು ಕೆನ್ನೆಗೆ ಬಾರಿಸಿದೆ. ಗೆಡ್ಡೆ ಕಿತ್ತುಕೊಂಡು ನಾನೇ ತಿಂದೆ.

ಒಬ್ಬರಿಗೆ ಗೊತ್ತಾದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಸಂಜೆಯೊಳಗೆ ಹಿತ್ತಲು ಗುಂಡಿ ಬೀಳುತ್ತದೆ ಅಂತ ಹೆದರಿದ್ದೆ. ನಿನ್ನ ಅಮ್ಮ ಗುಟ್ಟು ಬಿಟ್ಟುಕೊಡುವವರಲ್ಲ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಹೇಳಲಿಲ್ಲ. ಅವರು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ.

ನಿದ್ದೆಯಲ್ಲೇ ಹೋದರು, ಎದೆ ನಿಂತಿತು ಅಂತ ನಿನಗೆ ಬರೆದಿದ್ದೆ. ಸುಳ್ಳು. ಹಸಿವು ಕಣೇ, ಬರೀ ಹಸಿವು. ರೇಷನ್ ಅಂತ ವಾರಕ್ಕೊಂದು ಲೋಟ ಹಿಟ್ಟು ಕೊಡುತ್ತಿದ್ದರು, ಕೊನೆಯ ಎರಡು ವಾರ ಅದೂ ಇರಲಿಲ್ಲ. ಫೆಬ್ರವರಿ ಹತ್ತೊಂಬತ್ತಕ್ಕೆ ಮಗಳು ಪಾಠಕ್ಕೆ ಹೋದವಳು ಐದೇ ನಿಮಿಷಕ್ಕೆ ವಾಪಸ್ ಬಂದು, ಟೀಚರ್ ಕುರ್ಚಿಯಲ್ಲಿ ಕೂತಿದ್ದಾರೆ, ಮಾತಾಡ್ತಿಲ್ಲ ಅಂದಳು. ನಾನೊಬ್ಬಳೇ ಅವರನ್ನು ಎತ್ತಿ ಮಂಚಕ್ಕೆ ತಂದೆ. ಎತ್ತುವಷ್ಟು ಶಕ್ತಿ ನನ್ನಲ್ಲಿತ್ತು. ಬೀದಿಯಲ್ಲಿ ಇನ್ನಾರಲ್ಲೂ ಇರಲಿಲ್ಲ, ಆದರೂ ನನಗೆ ಮಾತ್ರ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಹನ್ನೆರಡು ದಿನಕ್ಕೆ ದಾರಿ ತೆರೆಯಿತು, ಬ್ರೆಡ್ಡಿನ ಲಾರಿ ಬಂತು.

ಇಷ್ಟನ್ನೂ ನುಂಗಿಕೊಂಡು ಇದ್ದುಬಿಡುತ್ತಿದ್ದೆ ಅನಿಸುತ್ತದೆ. ಬುಧವಾರ ಕೀಲಿಕೈ ಕೈಗೆ ಬಂದಾಗ ನನ್ನ ಮೊದಲ ಯೋಚನೆ ಏನು ಗೊತ್ತಾ, ಮಗಳಿಗೆ ಯಾವ ಕೋಣೆ ಅಂತ. ಶುಕ್ರವಾರ ಪೊರಕೆ ಹಿಡಿದು ನಿನ್ನ ಮನೆಗೆ ಹೋದೆ. ಹಿಂದಿನ ಬಾಗಿಲು ತೆಗೆದೆ. ಬೇಲಿಯಿಂದ ಈಚೆಗೆ, ನಿಮ್ಮ ಹಿತ್ತಲಿನಲ್ಲಿ, ಅವರು ದಿನಾ ಬಿಸಿಲು ಕಾಯುತ್ತಿದ್ದ ಕಲ್ಲಿನ ಸುತ್ತ ಮೊಳಕೆಗಳು ಎದ್ದಿದ್ದವು. ಕೈಯಲ್ಲೇ ಕೆದಕಿದೆ. ಮುಷ್ಟಿ ಗಾತ್ರದ ಗೆಡ್ಡೆಗಳು, ಒಂದರ ಹಿಂದೊಂದು. ಎಷ್ಟೋ ವರ್ಷಗಳಿಂದ ಬೇಲಿಯ ಕೆಳಗೇ ಹಾದು ನಿಮ್ಮ ಕಡೆ ಹಬ್ಬಿವೆ. ಹುಲ್ಲು ಸವರುವಾಗ ಅದರ ಚಿಗುರೂ ಸವರಿ ಹೋಗುತ್ತಿತ್ತು ಅಂತ ಕಾಣುತ್ತದೆ, ಯಾರಿಗೂ ಗೊತ್ತಾಗಲಿಲ್ಲ. ಎರಡು ಬುಟ್ಟಿ ತೆಗೆದೆ, ಇನ್ನೂ ಇತ್ತು.

ನನ್ನದರಲ್ಲಿ ಒಂದು ಗೆಡ್ಡೆಯನ್ನೂ ಕೊಡಬೇಕಿರಲಿಲ್ಲ ಮೊಂಡಿ. ನಿಮ್ಮ ಹಿತ್ತಲು ಅಗೆದು ನೋಡಿ ಟೀಚರ್ ಅಂದಿದ್ದರೆ ಸಾಕಿತ್ತು.

ಆ ಮನೆಯಲ್ಲಿ ನಾನು ಇರಲಾರೆ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ, ನೀನು ಕ್ಷಮಿಸಿದರೆ ನನಗೆ ಕೋಪವೇ ಬಂದೀತು. ಬಂದು ಬಾಯಿಗೆ ಬಂದಂತೆ ಬೈದು ಹೋಗು, ಬೇಕಾದರೆ ಹೊಡೆ. ಮಗಳನ್ನು ಮಾತ್ರ ಏನೂ ಅನ್ನಬೇಡ. ಅವಳಿಗೆ ಹೊಟ್ಟೆ ತುಂಬಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ.

ಇನ್ನೂ ಹಾಗೆ ಕರೆಯಬಹುದಾದರೆ, ನಿನ್ನ

ಸೂಜಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅವರು ಒಂದು ದಿನವೂ ಕೇಳಲಿಲ್ಲ ಅಂತ ಬರೆದೆನಲ್ಲ, ಕೇಳಿದ್ದರು. ಹೋಗುವುದಕ್ಕೆ ಎಂಟು ದಿನ ಮುಂಚೆ, ಬಟ್ಟಲು ಹಿಡಿದುಕೊಂಡು ಬೇಲಿಯ ಹತ್ತಿರ ಬಂದರು. ಗಾಳಿಗೆ ಬೆಡ್‌ಶೀಟು ಹಾರಿ ನನ್ನ ಮಡಿಲಲ್ಲಿದ್ದ ಗೆಡ್ಡೆ ಕಂಡಿತ್ತು. ಅದೇನೇ ಅದು, ತಿನ್ನೋಕೆ ಆಗುತ್ತಾ ಅಂತ ಕೇಳಿದರು. ವಿಷ ಟೀಚರ್, ಇಲಿಗೆ ಹಾಕೋದು ಅಂದೆ. ಹಾಗಾದ್ರೆ ಮಗು ಕೈಗೆ ಸಿಗದ ಹಾಗೆ ಇಡು ಕಣೇ, ಅವಳು ಮಣ್ಣಲ್ಲಿ ಆಡ್ತಿರ್ತಾಳೆ ಅಂದು ಬಟ್ಟಲು ಹಿಡಿದು ಒಳಗೆ ಹೋದರು. ನನ್ನ ಮಾತನ್ನು ನಂಬಿದ್ದರು. ಆ ದಿನ ಮೂರು ಗಂಟೆಗೆ ಪಾಠ ಶುರು ಮಾಡುವ ಮೊದಲು ನನ್ನ ಮಗಳ ಎರಡೂ ಕೈಗಳನ್ನು ತಾವೇ ಹಿಡಿದು, ಉಗುರಿನ ಸಂದಿಯನ್ನೂ ಬಿಡದೆ, ಎರಡೆರಡು ಸಲ ತೊಳೆದರಂತೆ.