ಕೆರೆ ಏರಿಯ ಮೇಲಿನ ಓಟ

ಅಂತರಘಟ್ಟೆ
ಗುರುವಾರ ಸಂಜೆ

ಶಶಿಯವರಿಗೆ ಮಾಲಿನಿಯ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಿದ್ದೇನೆ. ಅತ್ತೆ ನೋಡಿದರೆ ಬೈಯುತ್ತಾರೆ, ಬೈಯಲಿ. ಫೋನಿನಲ್ಲಿ ನಿಮ್ಮ ದನಿ ಏರುತ್ತದೆ, ನನಗೆ ಅಳು ಬರುತ್ತದೆ, ಹೇಳಬೇಕಾದದ್ದು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಈ ಕಾಗದ.

ನಾನು ಕೆರೆಗೆ ಹಾರಲು ಹೋಗಿದ್ದೆ ಅಂತ ನಿಮ್ಮ ಕಡೂರಿನವರೆಗೂ ಸುದ್ದಿ ಮುಟ್ಟಿದೆಯಂತೆ. ನಡೆದದ್ದು ಇಷ್ಟು. ಸೋಮವಾರ ಚಿಕ್ಕಮಗಳೂರಿನಲ್ಲಿ ಪೊಲೀಸ್ ಕೆಲಸದ ಓಟದ ಪರೀಕ್ಷೆ ಇದೆ, ಲಿಖಿತ ಪರೀಕ್ಷೆ ಆಗಲೇ ಪಾಸಾಗಿದ್ದೇನೆ. ತವರಿಗೆ ಬಂದಾಗಿನಿಂದ ದಿನಾ ಕೆರೆ ಏರಿಯ ಮೇಲೆ ಓಡುತ್ತೇನೆ. ಊರು ಏಳುವ ಮೊದಲೇ ಮುಗಿಸಿಬಿಡುತ್ತಿದ್ದೆ, ಮೊನ್ನೆ ತಡವಾಯಿತು. ಹಸು ಹೊಡೆದುಕೊಂಡು ಬಂದ ಪಕ್ಕದ ಮನೆಯ ಈರಪ್ಪಜ್ಜ ನೋಡಿಬಿಟ್ಟರು. ಗಂಡನ ಮನೆ ಬಿಟ್ಟು ಬಂದವಳು ಬೆಳಬೆಳಿಗ್ಗೆ ಏರಿಯ ಮೇಲೆ ಓಡುತ್ತಿದ್ದರೆ ಅವರಿಗೆ ಇನ್ನೇನು ಹೊಳೆಯಬೇಕು? ‘ಲೇ ಮಾಲಿನಿ, ಬ್ಯಾಡ ಕಣೇ, ನಿಂತ್ಕಳೇ’ ಅಂತ ಕೂಗುತ್ತಾ ಬಂದು ಜಡೆ ಹಿಡಿದು ಎಳೆದರು. ಇಬ್ಬರೂ ಬಿದ್ದೆವು. ನನ್ನ ಮಂಡಿ ಊದಿದೆ, ಅಜ್ಜನ ಸೊಂಟ ಹಿಡಿದುಕೊಂಡಿದೆ.

ಅದಾದ ಮೇಲೆ ಅಮ್ಮನಿಗೆ ನಿಮ್ಮ ಫೋನು. ಆಗಿದ್ದೆಲ್ಲ ಮರೆತುಬಿಡೋಣ, ಭಾನುವಾರ ಹಿರಿಯರನ್ನ ಕರ್ಕೊಂಡು ಬತ್ತೀನಿ, ಓಟಗೀಟ ಎಲ್ಲ ಬಿಟ್ಟು ಹೊರಟು ನಿಂತಿರಲಿ ಅಂದಿರಂತೆ. ಅಮ್ಮ ಆಗಲೇ ಮಡಿಲಕ್ಕಿಗೆ ಅಕ್ಕಿ, ಕೊಬ್ಬರಿ ತೆಗೆದಿಟ್ಟಿದ್ದಾಳೆ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಓಟ ಸುಖದ ಕೆಲಸ ಅಂದುಕೊಳ್ಳಬೇಡಿ. ಮೊದಲ ವಾರ ವಾಂತಿ ಮಾಡಿಕೊಂಡೆ. ಮೀನಖಂಡ ಬಿಗಿದುಕೊಂಡು, ಕೂರಬೇಕಾದರೆ ಗೋಡೆ ಹಿಡಿಯಬೇಕಿತ್ತು. ಒಣಮೆಣಸಿನಕಾಯಿ ಹುರಿದ ಘಾಟು ಹೊಕ್ಕಂತೆ ಎದೆ ಉರಿಯುತ್ತದೆ. ನಿಂತುಬಿಡು ಅಂತ ಮೈ ಗೋಗರೆಯುತ್ತದೆ, ಆ ಹುಣಸೆ ಮರದ ತನಕ ಅಷ್ಟೇ ಅಂತ ನಾನು ಅದಕ್ಕೆ ಸುಳ್ಳು ಹೇಳಿ ಮುಂದೆ ಓಡಿಸುತ್ತೇನೆ.

ನಿಮ್ಮ ಮನೆಯಲ್ಲೂ ಸಹಿಸಿಕೊಂಡೆ. ನೀವು ಕೈ ಮಾಡಿದಾಗಲೆಲ್ಲ, ಸ್ವಲ್ಪ ದಿನ ತಡ್ಕೊ ಕಣೇ, ಸರಿಹೋಗುತ್ತೆ ಅಂದರು ಎಲ್ಲರೂ. ಐದು ವರ್ಷ ತಡೆದುಕೊಂಡೆ. ಸರಿಹೋಗಿದ್ದು ಏನೂ ಇಲ್ಲ, ನಾನೇ ಮುದುಡಿಹೋದೆ. ಏರಿಯ ಮೇಲಾದರೆ ಹೋದ ವಾರ ಉಸಿರು ಕಟ್ಟಿದ ಜಾಗ ಈ ವಾರ ದಾಟಿಹೋಗುತ್ತದೆ. ಯಾವ ನೋವು ಕೊನೆಗೆ ಏನನ್ನಾದರೂ ಕೊಡುತ್ತದೆ, ಯಾವುದು ಕಿತ್ತುಕೊಳ್ಳುತ್ತಲೇ ಇರುತ್ತದೆ ಅಂತ ಈಗ ನನಗೆ ಗೊತ್ತು. ಗೊತ್ತಾಗಿ ಸಿಟ್ಟೂ ಬಂದಿದೆ.

ಭಾನುವಾರ ಬರಬೇಡಿ. ಬಂದರೂ ನಾನಿರುವುದಿಲ್ಲ, ಶನಿವಾರವೇ ಚಿಕ್ಕಮಗಳೂರಿನ ಬಸ್ಸು ಹತ್ತುತ್ತೇನೆ. ಈ ಮಂಡಿ ಇಟ್ಟುಕೊಂಡು ಓಡಬಲ್ಲೆನೋ ಇಲ್ಲವೋ, ಹೆದರಿಕೆ ಇದೆ. ಸೋತರೆ ಮುಂದಿನ ಸಲ ಮತ್ತೆ ಓಡುತ್ತೇನೆ. ನಿಮ್ಮ ಮನೆಗೆ ಬರುವುದಿಲ್ಲ.

ಇಂತಿ,
ಮಾಲಿನಿ

ಇನ್ನೊಂದು ಮಾತು. ಈರಪ್ಪಜ್ಜನನ್ನು ಊರೆಲ್ಲ ಗೇಲಿ ಮಾಡುತ್ತಿದೆ, ನೀವು ಮಾಡಬೇಡಿ. ನಿಮ್ಮ ಮನೆಯಿಂದ ಬಂದ ಮಾರನೇ ಬೆಳಿಗ್ಗೆ ನಾನು ಏರಿಗೆ ಹೋದದ್ದು ಓಡಲು ಅಲ್ಲ. ಕಾಲಿಗೆ ನೀರು ತಾಗಿದ್ದೇ ಭಯವಾಗಿ, ತಿರುಗಿ ಮನೆ ಬಾಗಿಲ ತನಕ ಓಡಿದೆ. ಅದೇ ನನ್ನ ಮೊದಲ ಓಟ. ಅಜ್ಜ ತಿಳಿದುಕೊಂಡದ್ದು ತಪ್ಪಲ್ಲ, ಬಂದದ್ದು ತಡವಾಯಿತು. ಇದು ಅಮ್ಮನಿಗೂ ಗೊತ್ತಿಲ್ಲ. ನಿಮಗೆ ಗೊತ್ತಿರಲಿ.