ಬಿಚ್ಚಿದ ಹಾಳೆಯ ಇನ್ನೊಂದು ಅರ್ಧ

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ಡಾಕ್ಟರಮ್ಮಾ,

ಬೆನ್ನುನೋವು ಹೇಗಿದೆ? ತರಬೇತಿಯ ಹಾಸ್ಟೆಲಿನ ಹಾಸಿಗೆ ಕುಳಿ ಬಿದ್ದಿದೆ ಎಂದು ಬರೆದಿದ್ದೆ. ಹಸುವಿನ ಬಾಯೊಳಗೆ ಕೈ ಹಾಕುವವಳು ಬೇರೆ ಹಾಸಿಗೆ ಕೊಡಿ ಎಂದು ಕೇಳಲು ಅಂಜುತ್ತೀಯಲ್ಲ. ಇಲ್ಲಿ ನಾನೂ ಮರಿಯೂ ಚೆನ್ನಾಗಿದ್ದೇವೆ. ಅವಳ ಮುಂದಿನ ಹಲ್ಲೊಂದು ಅಲುಗಾಡುತ್ತಿದೆ. ಅದನ್ನು ನಾಲಿಗೆಯಿಂದ ತಳ್ಳುತ್ತ ಕೂರುವುದೇ ಸದ್ಯಕ್ಕೆ ನಿನ್ನ ಮಗಳ ಉದ್ಯೋಗ.

ನೀನು ಹೋಗುವ ಮುಂಚೆ ತಂದುಕೊಟ್ಟ ಕರುವಿನ ಚಿತ್ರಪುಸ್ತಕದ ವಿಷಯ ಬರೆಯಬೇಕಿದೆ. ಡೈರಿಗಳಲ್ಲಿ ಕಣ್ಣಾರೆ ಕಂಡ ಮೇಲೆ ನೀನು ಹಾಲು ಬಿಟ್ಟೆ, ವೀಗನ್ ಎಂಬ ಪದ ನಮ್ಮ ಅಡುಗೆಮನೆಗೆ ಬಂತು. ಆದರೂ ಮಗಳ ಲೋಟದ ತಂಟೆಗೆ ನೀನು ಹೋಗಲಿಲ್ಲ. "ಉಪದೇಶ ಬೇಡ. ಪೂರ್ತಿ ಓದಿ ತೋರ್ಸು, ಅವಳೇ ಯೋಚನೆ ಮಾಡ್ಲಿ" ಅಂದಿದ್ದೆ. ಮೊದಲ ಸಲ ನೀನೇ ಓದಿದೆ, ನೀನು ಹೊರಟ ಮೇಲೆ ನಾನು. ಕರುವನ್ನು ತಾಯಿಯಿಂದ ಬಿಡಿಸಿ ಎಳೆದೊಯ್ಯುವ ಪುಟ ಬಂದಾಗ ಅವಳು ನನ್ನ ಕೈಹಿಡಿದು ನಿಲ್ಲಿಸಿದಳು. ಮರುದಿನ ಲೋಟ ದೂರ ತಳ್ಳಿ, "ಇದು ಕರುದು" ಎಂದಳು. ಹೊರಗೆ ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಮಗು ಸೊರಗುತ್ತದೆ ಎಂಬ ಚಿಂತೆಯಿಂದ ಆ ಪುಟವನ್ನೇ ತೆಗೆದುಬಿಟ್ಟೆ ಎಂದು ಇಲ್ಲಿ ಬರೆದು, ಹೊಡೆದುಹಾಕಿದ್ದೇನೆ. ಬೆಳಿಗ್ಗೆ ಅವಳಿಗೆ ಬೇರೇನಾದರೂ ಮಾಡಿಕೊಡುವ ವ್ಯವಧಾನ ನನಗಿರಲಿಲ್ಲ, ಅಷ್ಟೇ.

ಪುಸ್ತಕವನ್ನು ಪ್ರೆಸ್ಸಿಗೆ ಒಯ್ದೆ. ನನ್ನ ಬೈಂಡಿಂಗ್ ಮೇಜಿನ ಮೇಲೆ ದಾರ ಬಿಚ್ಚಿ, ಆ ಹಾಳೆ ತೆಗೆದು, ಹಳೆಯ ತೂತುಗಳಲ್ಲೇ ಮತ್ತೆ ಹೊಲಿದೆ. ಇಂಥ ಪುಸ್ತಕದಲ್ಲಿ ಮಡಿಸಿದ ಹಾಳೆಯ ಒಂದು ಅರ್ಧ ಮುಂದೆ ಬಂದರೆ ಇನ್ನೊಂದು ಅರ್ಧ ಕೊನೆಯ ಹತ್ತಿರ ಬರುತ್ತದೆ. ಕರುವನ್ನು ಒಯ್ಯುವ ಪುಟಕ್ಕೆ ಜೋಡಿಯಾಗಿದ್ದದ್ದು ಅದರ ಅಮ್ಮ ವಾಪಸ್ ಬರುವ ಪುಟ. ಅಮ್ಮ ಬರುವ ಪುಟವನ್ನಷ್ಟೇ ಕತ್ತರಿಸಿ ಮತ್ತೆ ಒಳಗೆ ಅಂಟಿಸಬಹುದಿತ್ತು. ಅಂಟಿನ ಗುರುತು ನಿನ್ನ ಕಣ್ಣಿಗೆ ಬೀಳುತ್ತಿತ್ತು. ಅಗಲುವುದೇ ಇಲ್ಲದ ಮೇಲೆ ಸೇರುವುದೇಕೆ ಎಂದುಕೊಂಡು ಇಡೀ ಹಾಳೆಯನ್ನೇ ತೆಗೆದಿಟ್ಟೆ. ಕೆಲಸ ಅಚ್ಚುಕಟ್ಟಾಗಿ ಬಂತು.

ಮರಿ ಪುಸ್ತಕವನ್ನು ಹಿಂದೆಮುಂದೆ ತಿರುವಿದಳು, ನನ್ನ ಮುಖ ನೋಡಿದಳು, ಮುಚ್ಚಿಟ್ಟಳು. ಅಂದಿನಿಂದ ಹಾಲು ಕುಡಿಯುತ್ತಿದ್ದಾಳೆ, ಕಣ್ಣು ಮುಚ್ಚಿ, ಔಷಧಿ ನುಂಗಿದಂತೆ. "ಮುಗೀತು ನೋಡಪ್ಪ" ಎಂದು ಲೋಟ ಬೋರಲು ಹಾಕಿ ತೋರಿಸುತ್ತಾಳೆ. ಪುಸ್ತಕ ಮರೆತಳೆಂದು ನಂಬಿದ್ದೆ, ಅಥವಾ ನಂಬಿದರೆ ಅನುಕೂಲವಿತ್ತು. ನೀನು ಬೈಯುವವಳಲ್ಲ, ಸುಮ್ಮನಾಗುವವಳು. ಅವಳೂ ಹಾಗೇ ಆಗಿದ್ದಾಳೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ರೂಮಿನ ಗೊರಕೆಯ ಗೆಳತಿಗೂ ನಮ್ಮ ನೆನಪು ಹೇಳು.

ಇಂತಿ ನಿನ್ನ,
ಬೈಂಡರ್

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಮರಿ ಬಂದು ಕುರ್ಚಿಗೆ ಒರಗಿ ನಿಂತಳು. "ಅಪ್ಪ, ನಾನು ದಿನಾ ಹಾಲು ಕುಡೀತಿದೀನಿ ತಾನೆ. ಅಮ್ಮ ವಾಪಸ್ ಬರೋ ಪುಟ ಯಾವಾಗ ಹಾಕ್ತೀಯ?" ಎಂದಳು. ಹಾಳೆ ಪ್ರೆಸ್ಸಿನ ಡ್ರಾಯರಿನಲ್ಲಿದೆ, ನಾಳೆಯೇ ಹೊಲಿಯುತ್ತೇನೆ. ಲೋಟ ಇನ್ನು ಅವಳಿಷ್ಟ. ಆದರೆ ಹಾಳೆ ಹೊಲಿದರೆ ಮಾತ್ರ ಸಾಲದು. ಒಂದು ದಿನದ ರಜೆ ಸಿಕ್ಕರೂ ಸಾಕು, ಬಂದು ಹೋಗು.